ಡೀಸೆಲ್ ಸೋರದೆ ಏರ್ ಹಿಡಿಯುತ್ತಿದ್ದರೆ ಫೀಡ್ ಪಂಪ್‌ಗಿಂತ ಹಿಂದೆ ನೋಡಿ

ನಿಮ್ಮ ಡೀಸೆಲ್ ಇಂಜಿನ್, ಲೈನಲ್ಲಿ ಸೇರಿದ ಗಾಳಿ (ಏರ್) ತೆಗೆದರೆ 10 ನಿಮಿಷ ಓಡಿ ಮತ್ತೆ ನಿಲ್ಲುತ್ತೆ, ಎಲ್ಲೂ ಡೀಸೆಲ್ ಸೋರ್ತಿಲ್ಲ ಅಂದಿದ್ದೀರಿ. ಸೋರದೇ ಇರೋದೇ ಸುಳಿವು ಸಾರ್. ಫೀಡ್ ಪಂಪ್ (ಟ್ಯಾಂಕಿಂದ ಡೀಸೆಲ್ ಎಳೆದು ಮುಂದಕ್ಕೆ ತಳ್ಳೋ ಪಂಪ್) ಆದಮೇಲಿನ ಲೈನಲ್ಲಿ ಪ್ರೆಶರ್ ಇರುತ್ತೆ, ಅಲ್ಲಿ ಸಡಿಲ ಇದ್ದರೆ ಡೀಸೆಲ್ ಹೊರಗೆ ಬರುತ್ತೆ. ಟ್ಯಾಂಕಿಂದ ಪಂಪ್‌ವರೆಗೆ ಪಂಪ್ ಎಳೆಯೋದರಿಂದ ಗಾಳಿ ಒಳಗೆ ಹೋಗುತ್ತೆ, ಹೊರಗೆ ಒಂದು ಹನಿಯೂ ಕಾಣದೇ ಇರಬಹುದು.

ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಬಿಚ್ಚಿಸೋ ಮೊದಲು ಒಂದು ಕೆಲಸ ಮಾಡಿ. ಫೀಡ್ ಪಂಪ್‌ಗೆ ಬರೋ ಪೈಪ್ ತೆಗೆದು, ಡೀಸೆಲಿಗೆ ಹಾಳಾಗದ ಪಾರದರ್ಶಕ ಪೈಪನ್ನು ಅಲ್ಲಿಗೆ ಕ್ಲಿಪ್ ಹಾಕಿ ಬಿಗಿ ಮಾಡಿ, ಇನ್ನೊಂದು ತುದಿ ಶುದ್ಧ ಡೀಸೆಲ್ ಕ್ಯಾನಿನಲ್ಲಿ ಮುಳುಗಿಸಿ. ಏರ್ ತೆಗೆದು ಅರ್ಧ ಗಂಟೆ ಓಡಿಸಿ. ನಿಲ್ಲದಿದ್ದರೆ ತೊಂದರೆ ಟ್ಯಾಂಕ್ ಕಡೆ: ಒಳಗೆ ಬಿರುಕು ಬಿಟ್ಟ ರಬ್ಬರ್ ಪೈಪ್, ಸೆಡಿಮೆಂಟ್ ಬೌಲ್ (ಕಸ, ನೀರು ತಂಗೋ ಬಟ್ಟಲು) ರಿಂಗ್, ಟ್ಯಾಂಕ್ ಕಾಕ್ (ಡೀಸೆಲ್ ಬಿಡೋ ನಲ್ಲಿ). ಪೈಪಲ್ಲಿ ಗುಳ್ಳೆ ಇಲ್ಲದೆಯೂ ನಿಂತರೆ ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಡೀಸೆಲ್ ಎಳೆಯೋ ಪಂಪ್) ನೋಡಿ; ಅದರ ಸೀಲ್ ಸವೆದರೆ ಅಲ್ಲೇ ಗಾಳಿ ಎಳೆಯುತ್ತೆ.

ಬ್ಯಾಂಜೋ ಬೋಲ್ಟ್ (ಪೈಪ್ ಕೂಡಿಸೋ, ಒಳಗೆ ಡೀಸೆಲ್ ಹರಿಯೋ ಟೊಳ್ಳು ಬೋಲ್ಟ್) ಬಿಚ್ಚಿದಾಗಲೆಲ್ಲ ಎರಡೂ ಬದಿಯ ತಾಮ್ರದ ವಾಷರ್ ಹೊಸದು ಹಾಕಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತೆ. ತುರ್ತಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ಆರಿಸಿ, ಮೆತ್ತಗಾಗುತ್ತೆ. ಟೆಫ್ಲಾನ್ ಟೇಪ್ ಮಾತ್ರ ಬೇಡ, ಚೂರು ಪಂಪಿಗೆ ಹೋಗಿ ಕೂರುತ್ತೆ.

ಹಾಂ, ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೂ ಇದೇ ಲಕ್ಷಣ. ನಿಂತ ತಕ್ಷಣ ಮುಚ್ಚಳ ತೆಗೆಯಿರಿ, ಉಸ್ ಅಂದರೆ ಅದೇ.