ಸಂಪಾದಕರ ಉತ್ತರ: ನಲವತ್ತು ಮಕ್ಕಳನ್ನು ಕೇಳಿ ಇಡೀ ಶಾಲೆಯ ಬಗ್ಗೆ ಹೇಳಬಹುದೇ?

(ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ದಲಾಲಿ ಅಂಗಡಿ ಇಟ್ಟಿರುವ ಓದುಗರೊಬ್ಬರ ಪತ್ರದ ಸಾರ ಹೀಗಿದೆ. ಒಂಬತ್ತನೆಯ ತರಗತಿಯಲ್ಲಿರುವ ಅವರ ಮಗಳು ಮತ್ತು ಗೆಳತಿಯರು ಗಣಿತದ ಚಟುವಟಿಕೆಗಾಗಿ, ಶಾಲೆಯ 1,200 ಮಕ್ಕಳಲ್ಲಿ 40 ಮಂದಿಯನ್ನು ಶಾಲೆಗೆ ಹೇಗೆ ಬರುತ್ತೀರೆಂದು ಕೇಳಿದರು. 22 ಮಂದಿ ನಡೆದು ಬರುತ್ತೇವೆ ಎಂದರು. ‘ನಮ್ಮ ಶಾಲೆಯ ಶೇ 55ರಷ್ಟು ಮಕ್ಕಳು ನಡೆದು ಬರುತ್ತಾರೆ’ ಎಂದು ಚಾರ್ಟ್ ಬರೆದು ಗೋಡೆಗೆ ಹಚ್ಚಿದರು. “ಉಳಿದ 1,160 ಮಕ್ಕಳನ್ನು ಕೇಳದೆ ಹೀಗೆ ಬರೆಯುವುದು ಗಣಿತವೋ, ಬಾಯಿಗೆ ಬಂದ ಊಹೆಯೋ? ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎಂದು ಮೇಷ್ಟ್ರು ಹೇಳಿದರಂತೆ. ಮಕ್ಕಳೇನು ಅನ್ನದ ಅಗುಳೇ?” ಎಂದು ಅವರು ಕೇಳಿದ್ದಾರೆ.)

ಮಾನ್ಯರೇ,

ತಮ್ಮ ಸಂದೇಹ ಸರಿಯಾದದ್ದೇ. ಆದರೆ ಅದು ಬೊಟ್ಟು ಮಾಡಿರುವ ಜಾಗ ಸರಿಯಲ್ಲ ಎಂದು ನಮಗನ್ನಿಸುತ್ತದೆ. ನಲವತ್ತು ಎಂಬ ಸಂಖ್ಯೆ ತಮ್ಮ ಕಣ್ಣು ಕುಕ್ಕಿದೆ. ಪತ್ರದ ಕೊನೆಯಲ್ಲಿ ತಾವೇ ಒಂದು ಮಾತನ್ನು ಹಾಗೇ ಹೇಳಿ ಮುಂದೆ ಹೋಗಿದ್ದೀರಿ: ಬೆಳಿಗ್ಗೆ ಗೇಟಿನ ಬಳಿ ನಿಂತು, ಮೊದಲು ಬಂದ ನಲವತ್ತು ಮಕ್ಕಳನ್ನು ಅವರು ಕೇಳಿದರು ಎಂದು. ಆ ಚಾರ್ಟಿನ ದೋಷವೆಲ್ಲ ಇರುವುದು ಅಲ್ಲಿ.

ಮೊದಲು ಅಗುಳಿನ ಮಾತು. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ಹೇಳಿದಂತಾಯಿತು. ಅನ್ನದ ಒಂದಗುಳು ಇಡೀ ಪಾತ್ರೆಯ ಸುದ್ದಿ ಹೇಳುವುದು, ಪಾತ್ರೆಯಲ್ಲಿನ ಅಕ್ಕಿಯೆಲ್ಲ ಒಂದೇ ಬಗೆಯದಾಗಿ, ಒಂದೇ ನೀರಿನಲ್ಲಿ, ಒಂದೇ ಹದದಲ್ಲಿ ಬೆಂದಿರುವುದರಿಂದ. ಅಡುಗೆ ಬಲ್ಲವರು ಮೇಲಿನ ಅಗುಳನ್ನೇ ಎತ್ತದೆ, ಸೌಟು ತಳಕ್ಕೆ ಬಿಟ್ಟು ಒಮ್ಮೆ ತಿರುವಿ ಆಮೇಲೆ ಹಿಚುಕಿ ನೋಡುತ್ತಾರೆ. ಹಾಗೆ ತಿರುವಿದ ಮೇಲೆ, ಅದು ಮನೆಯ ಪಾತ್ರೆಯಾಗಿರಲಿ, ಮಠದ ದಾಸೋಹದ ಕೊಪ್ಪರಿಗೆಯಾಗಿರಲಿ, ನೋಡಬೇಕಾದ ಅಗುಳುಗಳ ಲೆಕ್ಕವೇನೂ ಹೆಚ್ಚುವುದಿಲ್ಲ.

ಈಗ ಅನ್ನ ಬಿಟ್ಟು ನಮ್ಮೂರಿನ ಖಾರ ಮಂಡಕ್ಕಿಯನ್ನು ತೆಗೆದುಕೊಳ್ಳೋಣ. ದೊಡ್ಡ ಡಬ್ಬಿಯಲ್ಲಿ ತುಂಬಿಟ್ಟು ನಾಲ್ಕು ಸಲ ಅಲುಗಾಡಿಸಿದರೆ ಹಗುರವಾದ ಮಂಡಕ್ಕಿ ಮೇಲೆ ಉಳಿದು, ಶೇಂಗಾ, ಹುರಿಗಡಲೆ ತಳ ಸೇರುತ್ತವೆ. ಮೇಲಿನಿಂದ ಒಂದು ಹಿಡಿ ತೆಗೆದವರು ‘ಇದರಲ್ಲಿ ಶೇಂಗಾ ಹಾಕೇ ಇಲ್ಲ’ ಎನ್ನುತ್ತಾರೆ. ಒಂದು ಹಿಡಿಯ ಬದಲು ಮೇಲಿನಿಂದಲೇ ಹತ್ತು ಹಿಡಿ ತೆಗೆದರೂ ಅದೇ ಮಾತು. ವ್ಯತ್ಯಾಸವೆಂದರೆ ಈ ಸಲ ಅದನ್ನು ಇನ್ನಷ್ಟು ಧೈರ್ಯದಿಂದ ಹೇಳುತ್ತಾರೆ. ಗೇಟಿನ ಬಳಿ ಮೊದಲು ಬಂದ ಮಕ್ಕಳು ಡಬ್ಬಿಯ ಮೇಲಿನ ಮಂಡಕ್ಕಿಯಂತೆ. ಹತ್ತಿರದ ಓಣಿಯಿಂದ ನಡೆದು ಬರುವವರು ಬೇಗ ಬಂದಿರಬಹುದು, ಹಳ್ಳಿಯ ಬಸ್ಸಿಗೆ ಕಾಯುವವರು ಗಂಟೆ ಹೊಡೆಯುವ ಹೊತ್ತಿಗೆ ಓಡಿ ಬರುತ್ತಿರಬಹುದು. ಹಾಗಿದ್ದರೆ, ಮೊದಲು ಬಂದ ಮುನ್ನೂರು ಮಂದಿಯನ್ನು ಕೇಳಿದ್ದರೂ ನಡೆದು ಬರುವವರ ಪಾಲು ನಿಜಕ್ಕಿಂತ ಹೆಚ್ಚಾಗಿಯೇ ಕಾಣುತ್ತಿತ್ತು.

ಇದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೆಕ್ಕೆಜೋಳದ ಲೋಡು ಬಂದಾಗ ತಾವು ಪ್ರತಿ ಕಾಳನ್ನೂ ನೋಡುವುದಿಲ್ಲ. ಹಾಗೆಂದು ಚೀಲದ ಬಾಯಿ ಬಿಚ್ಚಿ ಮೇಲೆ ಕಂಡ ಕಾಳಿಗೇ ದರ ಕಟ್ಟುವುದೂ ಇಲ್ಲ. ಬೇರೆ ಬೇರೆ ಚೀಲಗಳ ನಡುವಿನಿಂದ, ತಳದಿಂದ ಕಾಳು ತೆಗೆಸಿ ತೇವಾಂಶ ನೋಡಿಸುತ್ತೀರಿ. ಅದೇ ಎಚ್ಚರವನ್ನು ಮಗಳ ಚಾರ್ಟಿಗೆ ಅನ್ವಯಿಸಿದರೆ ಸಾಕು.

ಇನ್ನು ನಲವತ್ತರ ವಿಷಯ. ಒಂಬತ್ತನೆಯ ತರಗತಿಯವರಿಗೆ ಎಟಕುವ ಒಂದು ಅಂದಾಜು ಸೂತ್ರವಿದೆ: ಚೀಟಿ ಎತ್ತಿ ಆರಿಸಿದ ಮಂದಿಯ ಸಂಖ್ಯೆಯ ವರ್ಗಮೂಲದಿಂದ ಒಂದನ್ನು ಭಾಗಿಸಿದರೆ, ಫಲಿತಾಂಶ ಎಷ್ಟು ಅತ್ತಿತ್ತ ಆಗಬಹುದೆಂಬುದು ಹೆಚ್ಚುಕಡಿಮೆ ಸಿಗುತ್ತದೆ. 40ರ ವರ್ಗಮೂಲ ಸುಮಾರು 6.3, ಒಂದನ್ನು ಅದರಿಂದ ಭಾಗಿಸಿದರೆ ಸುಮಾರು 0.16, ಅಂದರೆ ಶೇ 16. ಹೀಗೆ ಚೀಟಿ ಎತ್ತಿ ನಲವತ್ತು ಮಂದಿಯನ್ನು ಕೇಳುವ ಕೆಲಸವನ್ನು ಮತ್ತೆ ಮತ್ತೆ ಮಾಡಿದರೆ, ಇಪ್ಪತ್ತರಲ್ಲಿ ಸುಮಾರು ಹತ್ತೊಂಬತ್ತು ಸಲ ಉತ್ತರವು ನಿಜದಿಂದ 16 ಅಂಶಗಳ ಒಳಗೇ ಇರುತ್ತದೆ ಎಂಬುದು ಇದರ ಅರ್ಥ. ಆದ್ದರಿಂದ ಮಕ್ಕಳು ಸರಿಯಾಗಿ ಚೀಟಿ ಎತ್ತಿಯೇ 22 ಎಂಬ ಲೆಕ್ಕ ಪಡೆದಿದ್ದರೂ, ಚಾರ್ಟಿನಲ್ಲಿ ಬರೆಯಬೇಕಾಗಿದ್ದದ್ದು ‘ಶೇ 55’ ಎಂದಲ್ಲ, ‘ಶೇ 39ರಿಂದ 71ರ ನಡುವೆ ಎಲ್ಲೋ’ ಎಂದು. ಅರ್ಧಕ್ಕಿಂತ ಹೆಚ್ಚು ಮಕ್ಕಳು ನಡೆದು ಬರುತ್ತಾರೆ ಎಂದು ಹೇಳುವುದಕ್ಕೂ ಆ ನಲವತ್ತು ಸಾಲದು. ಇಷ್ಟರ ಮಟ್ಟಿಗೆ ತಮ್ಮ ಆಕ್ಷೇಪ ಗೆದ್ದಿತು. ಆದರೆ ಶಾಲೆಯಲ್ಲಿ 1,200ರ ಬದಲು 12,000 ಮಕ್ಕಳಿದ್ದರೂ ಆ 16 ಹೆಚ್ಚುಕಡಿಮೆ 16 ಆಗಿಯೇ ಉಳಿಯುತ್ತದೆ ಎಂಬುದನ್ನು ತಾವು ಒಪ್ಪಬೇಕು. ಅಂತರವನ್ನು ಅರ್ಧಕ್ಕೆ ಇಳಿಸಬೇಕಾದರೆ ನಲವತ್ತರ ಎರಡರಷ್ಟಲ್ಲ, ನಾಲ್ಕರಷ್ಟು, ಅಂದರೆ 160 ಮಂದಿಯನ್ನು ಕೇಳಬೇಕು. ಮಾದರಿ, ಅಂದರೆ ಆರಿಸಿ ಕೇಳಿದವರ ಗುಂಪು, ದೊಡ್ಡದಾದಷ್ಟೂ ಶ್ರಮ ಏರುವ ವೇಗದಲ್ಲಿ ಲಾಭ ಏರುವುದಿಲ್ಲ. ವ್ಯಾಪಾರಿಗಳಾದ ತಮಗೆ ಇದು ಬೇಗ ಹಿಡಿಸೀತು.

ಈ ಲೆಕ್ಕ ಶಾಲೆಯ ಗೋಡೆಗೆ ಮಾತ್ರ ಸಂಬಂಧಿಸಿದ್ದಲ್ಲ. ತಮ್ಮ ಅಂಗಡಿಗೆ ಬರುವ ರೈತರಿಗೆ ಫಸಲ್ ಬಿಮಾ (ಬೆಳೆ ವಿಮೆ) ಪರಿಹಾರ ಸಿಗುವುದೂ ಬಿಡುವುದೂ ಬಹುಮಟ್ಟಿಗೆ ಬೆಳೆ ಕಟಾವು ಪ್ರಯೋಗದ ಮೇಲೆ ನಿಂತಿದೆ. 2016ರಲ್ಲಿ ಬಂದ ಆ ಯೋಜನೆಯ ನಿಯಮದಂತೆ, ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಕನಿಷ್ಠ ನಾಲ್ಕು ಕಡೆ ಬೆಳೆ ಕೊಯ್ದು ತೂಗಿ, ಮುಖ್ಯವಾಗಿ ಅದರ ಸರಾಸರಿಯ ಮೇಲೆಯೇ ಇಡೀ ಪಂಚಾಯಿತಿಯ ಇಳುವರಿಯನ್ನು ನಿರ್ಧರಿಸುತ್ತಾರೆ. ಕೊಯ್ಯುವ ತಾಕು ಐದು ಮೀಟರ್ ಉದ್ದ, ಐದು ಮೀಟರ್ ಅಗಲದ್ದು ಎಂದಿಟ್ಟುಕೊಳ್ಳಿ. ಅದು ಒಂದು ಹೆಕ್ಟೇರಿನ 400ರಲ್ಲಿ ಒಂದು ಭಾಗ. ಅಲ್ಲಿ ಸಿಕ್ಕ ಒಂದು ಕಿಲೋ ಕಾಳು ಹೆಕ್ಟೇರಿಗೆ ನಾಲ್ಕು ಕ್ವಿಂಟಲ್ ಎಂದಾಗುತ್ತದೆ. ತಕ್ಕಡಿಯಲ್ಲಿ ನೂರು ಗ್ರಾಂ ತಪ್ಪಿದರೆ ಹೆಕ್ಟೇರಿಗೆ ನಲವತ್ತು ಕಿಲೋ ತಪ್ಪಿದಂತೆ. ಸರ್ವೆ ನಂಬರನ್ನು ಅಧಿಕಾರಿ ತನ್ನ ಇಷ್ಟದಂತೆ ಆರಿಸದೆ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಬೇಕೆಂಬ ಕಟ್ಟುನಿಟ್ಟು ಇರುವುದು ಇದಕ್ಕೇ. ಜೀಪು ನಿಲ್ಲಿಸಲು ಅನುಕೂಲವಾದ ರಸ್ತೆಯಂಚಿನ ಹೊಲವನ್ನೇ ಹಿಡಿದರೆ, ಭದ್ರಾ ನಾಲೆಯ ನೀರು ಮೊದಲು ಮುಟ್ಟುವ ಗದ್ದೆಯ ಇಳುವರಿಯೇ ನೀರು ಸರಿಯಾಗಿ ಮುಟ್ಟದ ಕೊನೆಯ ಭಾಗದ ರೈತನ ಇಳುವರಿಯೂ ಆಗಿ ಕಾಗದದ ಮೇಲೆ ಕೂತುಬಿಡುತ್ತದೆ. ನಾಲೆಯ ಮೇಲ್ಭಾಗ, ಕೊನೆಯ ಭಾಗ ಎಂದು ಎರಡು ಪಾಲು ಮಾಡಿ ಎರಡರಲ್ಲೂ ಚೀಟಿ ಎತ್ತುವುದು ಇನ್ನೂ ಒಳ್ಳೆಯದು. ನಾಲ್ಕೇ ತಾಕು ಕಡಿಮೆ ಎಂದು ರೈತರು ತಕರಾರು ಮಾಡಿದರೆ ಆ ತಕರಾರಿನಲ್ಲಿ ಹುರುಳಿದೆ ಎಂದೇ ನಮ್ಮ ಅಭಿಪ್ರಾಯ; ಹೊಲದಿಂದ ಹೊಲಕ್ಕೆ ಬೆಳೆ ಬಹಳ ವ್ಯತ್ಯಾಸವಾಗುವ ಕಡೆ ನಾಲ್ಕರ ಸರಾಸರಿ ತುಂಬಾ ತೂಗಾಡುತ್ತದೆ.

ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಸತ್ಯ ಸಿಗುವುದಿಲ್ಲ ಎಂಬುದಕ್ಕೆ ನಮ್ಮ ಕಸುಬಿನವರೇ ಕೊಟ್ಟ ನಿದರ್ಶನ ಒಂದಿದೆ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮುನ್ನ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳುಹಿಸಿ, ಮರಳಿ ಬಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಎಣಿಸಿ, ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಸಾರಿತು. ಅವರ ಎದುರಾಳಿ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಟೆಲಿಫೋನು, ಕಾರು ಇದ್ದವರ ಪಟ್ಟಿಗಳಿಂದ ಆರಿಸಿದ ವಿಳಾಸಗಳು, ಅದರಲ್ಲೂ ಉತ್ತರಿಸುವ ಮನಸ್ಸಿದ್ದವರು ಮಾತ್ರ: ಎರಡೂ ಸೇರಿ ಡಬ್ಬಿಯ ಮೇಲಿನ ಮಂಡಕ್ಕಿಯೇ ಆಯಿತು. ಹಾಗೆ ನೋಡಿದರೆ ನಮ್ಮ ಮೇಜಿಗೆ ಬರುವ ಪತ್ರಗಳ ರಾಶಿಯೂ ಅಂಥದ್ದೇ. ಲೇಖನ ಓದಿ ಸಿಟ್ಟಾದವರು ಬರೆಯುತ್ತಾರೆ, ಮೆಚ್ಚಿದವರು ಪುಟ ತಿರುವುತ್ತಾರೆ. ‘ಓದುಗರ ಅಭಿಪ್ರಾಯ’ ಎಂಬ ತಲೆಬರಹದಡಿ ಅವನ್ನು ಅಚ್ಚು ಹಾಕುವಾಗ ನಮಗೂ ಸ್ವಲ್ಪ ಅಳುಕಾಗಬೇಕು.

ಶಾಲೆಯ ಪಠ್ಯದಲ್ಲಿ ಸಂಖ್ಯಾಶಾಸ್ತ್ರವೆಂದರೆ ಹೆಚ್ಚಾಗಿ ಸರಾಸರಿ, ಮಧ್ಯಾಂಕ, ಬಹುಲಕಗಳನ್ನು ಲೆಕ್ಕ ಹಾಕುವುದು. ಕೋಷ್ಟಕ ಸಿದ್ಧವಾಗಿ ಕೊಟ್ಟಿರುತ್ತಾರೆ. ಆ ಅಂಕಿಗಳು ಎಲ್ಲಿಂದ, ಯಾರ ಬಾಯಿಂದ ಬಂದವು ಎಂದು ಮಕ್ಕಳು ಕೇಳುವ ಪ್ರಸಂಗವೇ ಬರುವುದಿಲ್ಲ. ಆದ್ದರಿಂದ ತಮ್ಮ ಮಗಳ ಮೇಷ್ಟ್ರು ಪುಸ್ತಕ ಬಿಟ್ಟು ಮಕ್ಕಳನ್ನು ಗೇಟಿಗೆ ಕಳುಹಿಸಿದ್ದನ್ನು ದಯವಿಟ್ಟು ಹಳಿಯಬೇಡಿ. ಅವರು ಅರ್ಧ ದಾರಿ ನಡೆಸಿದ್ದಾರೆ. ಉಳಿದರ್ಧಕ್ಕೆ ಬೇಕಾದದ್ದು ಹಾಜರಿ ಪುಸ್ತಕಗಳು ಮತ್ತು ಮೂವತ್ತು ಚೀಟಿ ಮಾತ್ರ. ಎಲ್ಲ ತರಗತಿಗಳ ಹೆಸರುಗಳಿಗೆ 1ರಿಂದ 1,200ರವರೆಗೆ ಸಾಲಾಗಿ ಸಂಖ್ಯೆ ಕೊಡಲಿ. 1ರಿಂದ 30ರವರೆಗಿನ ಚೀಟಿಗಳಲ್ಲಿ ಒಂದನ್ನು ಎತ್ತಲಿ. 17 ಬಂದರೆ 17, 47, 77 ಹೀಗೆ ಮೂವತ್ತು ಮೂವತ್ತು ಕೂಡಿಸುತ್ತ 1,187ರವರೆಗೆ ಹೋದರೆ ನಲವತ್ತು ಹೆಸರು ಸಿಗುತ್ತವೆ. ಆ ನಲವತ್ತು ಮಂದಿಯನ್ನೇ ಹುಡುಕಿ ಕೇಳಬೇಕು. ಒಬ್ಬ ಹುಡುಗ ಅಂದು ಬಂದಿಲ್ಲವೆಂದು ಪಕ್ಕದವನನ್ನು ಕೇಳುವಂತಿಲ್ಲ. ಬರದ ಹುಡುಗ ಬಸ್ಸು ತಪ್ಪಿಸಿಕೊಂಡವನೇ ಆಗಿರಬಹುದು.

ಇನ್ನೊಂದು ಕೆಲಸವನ್ನೂ ಮಾಡಿಸಬಹುದು. 1931ರಲ್ಲಿ ಕೋಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ, 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೆ ಅಡಿಪಾಯ ಹಾಕಿದ ಪಿ. ಸಿ. ಮಹಾಲನೋಬಿಸ್ ಅವರು ಒಂದೇ ಪ್ರದೇಶಕ್ಕೆ ಎರಡು ಪ್ರತ್ಯೇಕ ಮಾದರಿಗಳನ್ನು ತೆಗೆದು, ಬೇರೆ ಬೇರೆ ತಂಡಗಳಿಂದ ಅಳೆಯಿಸಿ, ಎರಡನ್ನೂ ಹೋಲಿಸಿ ನೋಡುವ ಪದ್ಧತಿಯನ್ನು ರೂಢಿಗೆ ತಂದರು. ಅವರ ಹುಟ್ಟುಹಬ್ಬವಾದ ಜೂನ್ 29ನ್ನು ದೇಶ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸುತ್ತದೆ. ಅದೇ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಇಲ್ಲಿಂದ ಹರಪನಹಳ್ಳಿ ದಾಟಿದರೆ ಸಿಗುವ ಹೂವಿನಹಡಗಲಿಯಲ್ಲಿ. ಎಷ್ಟೇ ಜಾಣತನದಿಂದ ಲೆಕ್ಕ ಹಾಕಿದರೂ, ಒಂದು ಮಾದರಿಯಿಂದ ಪಡೆದ ಪಕ್ಷಪಾತವಿಲ್ಲದ ಅಂದಾಜಿನ ಏರಿಳಿತವನ್ನು ಒಂದು ಮಿತಿಗಿಂತ ಕೆಳಗಿಳಿಸಲಾಗದು ಎಂದು ಅವರು 1945ರಲ್ಲೇ ತೋರಿಸಿಕೊಟ್ಟರು. ನಮ್ಮ ಮಕ್ಕಳಿಗೆ ಈ ಊರಿನ ಹೆಸರನ್ನಾದರೂ ಹೇಳಿಕೊಡಬಾರದೇ?

ತಮ್ಮ ಮಗಳ ಗುಂಪು ಎರಡಾಗಿ ಒಡೆದು, ಎರಡೂ ಬೇರೆ ಬೇರೆ ಚೀಟಿ ಎತ್ತಿ, ಪರಸ್ಪರ ತೋರಿಸದೆ ತಲಾ ನಲವತ್ತು ಮಂದಿಯನ್ನು ಕೇಳಲಿ. ಒಂದಕ್ಕೆ ಶೇ 45, ಇನ್ನೊಂದಕ್ಕೆ ಶೇ 57.5 ಬಂದರೆ ಯಾರೂ ತಪ್ಪು ಮಾಡಿದ್ದಾರೆಂದಲ್ಲ. ಗೇಟಿನ ಚಾರ್ಟಿನಲ್ಲಿ ಕಾಣದಿದ್ದ ತೂಗಾಟ ಈಗ ಕಣ್ಣಿಗೆ ಬಿತ್ತು ಎಂದಷ್ಟೇ. ಎರಡೂ ಅಂಕಿಗಳನ್ನು ಬರೆದು ನಮಗೆ ಕಳುಹಿಸಿಕೊಡಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಚೆನ್ನಾಗಿ ಕಂಡದ್ದೊಂದನ್ನೇ ಆರಿಸಿ ಕಳುಹಿಸಬೇಡಿರೆಂದು ಮಕ್ಕಳಿಗೆ ಹೇಳಿ.

— ಸಂಪಾದಕ