ಪ್ರಾರ್ಥನೆಯ ಹೊತ್ತಿನಲ್ಲಿ ಕ್ಯಾಮೆರಾ

ಪ್ರಶ್ನೆ: ನಿವೃತ್ತಿಯ ನಂತರ ಕ್ಯಾಮೆರಾ ಕೊಂಡೆ. ಬೆಳಗಿನ ಪ್ರಾರ್ಥನೆಗೆ ಹೋದಾಗ ದೀಪದ ಬೆಳಕಿನಲ್ಲಿ ಕೂತವರ ಮುಖಗಳು ಸೆಳೆಯುತ್ತವೆ. ತೆಗೆದರೆ ಚಿತ್ರ ಅಲುಗಿರುತ್ತದೆ. ಫ್ಲ್ಯಾಶ್ ಹಾಕಲು ಮನಸ್ಸು ಒಪ್ಪದು. ಮೇಲಾಗಿ, ಕಣ್ಣು ಮುಚ್ಚಬೇಕಾದ ಹೊತ್ತಲ್ಲಿ ಫ್ರೇಮ್ ಹುಡುಕುತ್ತಿದ್ದೇನಲ್ಲ ಎಂಬ ಅಳುಕು. ಏನು ಮಾಡಲಿ?

ಉತ್ತರ: ಫ್ಲ್ಯಾಶ್ ಬೇಡ ಎಂದ ನಿಮ್ಮ ಮನಸ್ಸಿಗೆ ಛಾಯಾಗ್ರಹಣವೂ ಗೊತ್ತು ಅನ್ನಿ. ಅದು ದೀಪದ ಹೊಂಬಣ್ಣವನ್ನೇ ನುಂಗಿಬಿಡುತ್ತದೆ. ಕ್ಯಾಮೆರಾ ಜೊತೆ ಬರುವ ಜೂಮ್ ಲೆನ್ಸನ್ನು ಪೂರ್ತಿ ಎಳೆದರೆ ಬೆಳಕು ಒಳಬರುವ ಅದರ ಕಿಂಡಿ ಸಾಮಾನ್ಯವಾಗಿ ಎಫ್ 5.6ಕ್ಕಿಂತ ಅಗಲವಾಗದು (ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ಅಗಲ). ಎಫ್ 1.8ರ 50 ಮಿ.ಮೀ. ಲೆನ್ಸ್ ಅದಕ್ಕಿಂತ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಶಟರ್ ಹೆಚ್ಚು ಹೊತ್ತು ತೆರೆದಿದ್ದರೆ ಚಿತ್ರ ಅಲುಗುತ್ತದೆ, ಅದರ ವೇಗವನ್ನು 1/125 ಸೆಕೆಂಡಿಗಿಂತ ಇಳಿಸಬೇಡಿ; ಬೆಳಕು ಸಾಲದಿದ್ದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟವನ್ನು, ಅಂದರೆ ಐಎಸ್‌ಒ 3200ಕ್ಕೆ ಏರಿಸಿ. ಚಿತ್ರ ತುಸು ತರಿತರಿಯಾದೀತು. ಆಗಲಿ ಬಿಡಿ, ಅಲುಗಿದ ಮುಖಕ್ಕಿಂತ ಅದೇ ಎಷ್ಟೋ ವಾಸಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದ್ದರೆ ಬಳಸಬಹುದು, ಆದರೆ ಕೆಲವು ಎಲ್‌ಇಡಿ ದೀಪಗಳಡಿ ಚಿತ್ರದ ಮೇಲೆ ಪಟ್ಟೆಗಳು ಮೂಡುತ್ತವೆ.

ಇನ್ನು ಅಳುಕು. ಅದು ಇರುವುದೇ ಒಳ್ಳೆಯದು. ನಾನೂ ದೇವರನ್ನು ನಂಬುವವನೇ. ಪ್ರಾರ್ಥನೆ ಮುಗಿಯುವವರೆಗೆ ನನ್ನ ಕ್ಯಾಮೆರಾ ಚೀಲದಿಂದ ಹೊರಬರುವುದಿಲ್ಲ. ಕಣ್ಣು ಮುಚ್ಚಿ ಕೂತವರು ಬೇಡ ಎನ್ನಲಾರರು, ಅದೇ ತೊಡಕು. ಜನ ಎದ್ದು ಮಾತಿಗಿಳಿದ ಮೇಲೆ ಕೇಳಿಕೊಂಡೇ ತೆಗೆಯಿರಿ, ತೆಗೆದದ್ದನ್ನು ತೋರಿಸಿ. ಬೇಡವೆಂದರೆ ಅವರೆದುರೇ ಅಳಿಸಿಬಿಡಿ.