ಕೊಲೋನ್ ಕೆಥೆಡ್ರಲ್‌ಗೆ 632 ವರ್ಷ ಹಿಡಿದಿದ್ದು ಯಾಕೆ?

1248ರಲ್ಲಿ ಶುರುವಾಗಿ 1880ರಲ್ಲಿ ಮುಗಿದ ಜರ್ಮನಿಯ ಈ ಚರ್ಚಿನಲ್ಲಿ ಅಷ್ಟೂ ವರ್ಷ ಕೆಲಸ ನಡೆಯುತ್ತಲೇ ಇತ್ತಾ ಎಂದು ಕೇಳಿದ್ದೀರಿ. ಇಲ್ಲ, ಮಧ್ಯೆ ಹತ್ತಿರ ಹತ್ತಿರ ಮುನ್ನೂರು ವರ್ಷ ಕೆಲಸ ನಿಂತೇ ಹೋಗಿತ್ತು.

ಪೂಜಾಪೀಠ ಇರುವ ಪೂರ್ವ ಭಾಗಕ್ಕೆ 1322ರಲ್ಲೇ ಪ್ರತಿಷ್ಠೆಯಾಯಿತು. 16ನೇ ಶತಮಾನದಲ್ಲಿ ದುಡ್ಡು ಬತ್ತಿತು, ಚೂಪು ಕಮಾನು, ಎತ್ತರದ ಗೋಪುರಗಳ ಗೋಥಿಕ್ ಎಂಬ ಕಟ್ಟಡ ಶೈಲಿಯ ಮೇಲಿನ ಒಲವೂ ಇಳಿಯಿತು. ಅರೆಬರೆಯಾಗಿ ನಿಂತ ದಕ್ಷಿಣ ಗೋಪುರದ ಮೇಲೆ ಮರದ ಕ್ರೇನ್ ಹಾಗೇ ಉಳಿಯಿತು. ಅದನ್ನು ಕೆಳಗಿಳಿಸಿದ್ದು 1868ರಲ್ಲಿ!

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಕಥೆ. ಮಧ್ಯಯುಗದಲ್ಲಿ ಚರ್ಮದ ಹಾಳೆಯ ಮೇಲೆ ಬರೆದ ಮುಂಭಾಗದ ನಕ್ಷೆ ಕಳೆದುಹೋಗಿತ್ತು. ನಾಲ್ಕು ಮೀಟರ್‌ಗೂ ಎತ್ತರದ ನಕ್ಷೆ ಅದು. ಅದರ ಅರ್ಧ 1814ರಲ್ಲಿ ಜರ್ಮನಿಯದೇ ಊರಾದ ಡಾರ್ಮ್‌ಸ್ಟಾಟ್‌ನಲ್ಲಿ ಸಿಕ್ಕಿತು, ಇನ್ನರ್ಧ 1816ರಲ್ಲಿ ಪ್ಯಾರಿಸ್‌ನಲ್ಲಿ. 1842ರಲ್ಲಿ ಮತ್ತೆ ಕೆಲಸ ಶುರುವಾದಾಗ ಅದನ್ನೇ ಅನುಸರಿಸಿದರು. ಹಾಗಾಗಿ ಸುಮಾರು 157 ಮೀಟರ್ ಎತ್ತರದ ಆ ಎರಡು ಗೋಪುರಗಳು 19ನೇ ಶತಮಾನದಲ್ಲಿ ಮುಗಿದರೂ ಯೋಚನೆ ಹಳೆಯ ಶಿಲ್ಪಿಗಳದ್ದೇ. ಹೊಸಬರು ತಮ್ಮ ಕಾಲದ್ದನ್ನೂ ಸೇರಿಸಿದರು ಅನ್ನಿ: ಕಲ್ಲಿನ ಕಮಾನುಗಳ ಮೇಲಿರುವ ಛಾವಣಿಯ ಚೌಕಟ್ಟು ಮರದ್ದಲ್ಲ, ಕಬ್ಬಿಣದ್ದು. ಕೆಳಗೆ ನಿಂತವರಿಗೆ ಅದು ಕಾಣುವುದಿಲ್ಲ. ಹೋದರೆ ಛಾವಣಿಯ ಟೂರ್ ಇದೆಯಾ ಎಂದು ಕೇಳಿ.